ಐವತ್ತೆರಡು ನಿಮಿಷದ ರೋಬೋ

ಬೂದು ಬಣ್ಣದ ಆ ತುಣುಕಿನ ಅಂಚಿನಲ್ಲಿ ಎರಡು ಹಲ್ಲಿನ ಗುರುತುಗಳಿವೆ. ಒಂದು ಆಳವಾಗಿದೆ, ಇನ್ನೊಂದು ಉಗುರಿನಿಂದ ಸವರಿದರೆ ಮಾತ್ರ ತಿಳಿಯುತ್ತದೆ. ತುಣುಕು ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಆಟಿಕೆಯ ರೋಬೋ ಒಂದರ ಬಲ ಮುಂಗೈಗೆ ಕೂರುವಂಥದ್ದು.

ಶುಕ್ರವಾರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಕಸ ಗುಡಿಸುತ್ತಿದ್ದ ನಮ್ಮ ಕಚೇರಿಯ ಆಯಾ, "ಯಾವ ಮಗು ಕಚ್ಚೈತೆ ಮೇಡಂ? ಬಿಸಾಕಾಣೇನು?" ಎಂದರು. ಮಗುವಲ್ಲ, ಐವತ್ತಾರು ವರ್ಷದ ಹೆಂಗಸು ಎಂದು ನಾನು ಹೇಳಲಿಲ್ಲ. "ಇರಲಿ" ಎಂದೆ. ದಿನವಿಡೀ ನಾನು ಆಡುವ ಮಾತುಗಳಲ್ಲಿ ಅರ್ಧ ಪಾಲು ಈ 'ಇರಲಿ'ಯೇ ಎಂದು ಅವರು ಹಿಂದೊಮ್ಮೆ ನನ್ನನ್ನು ಆಡಿಕೊಂಡಿದ್ದರು. ಅದಕ್ಕೂ ನಾನು "ಇರಲಿ" ಎಂದೇ ಉತ್ತರಿಸಿದ್ದೆ.

ನನ್ನ ಕೆಲಸವೇನೆಂದು ಹೇಳದಿದ್ದರೆ ನಿಮಗೆ ಇದೆಲ್ಲ ವಿಚಿತ್ರವಾಗಿ ಕಾಣಬಹುದು. ಲಕ್ವ ಹೊಡೆದ, ಪೆಟ್ಟು ಬಿದ್ದ, ಹುಟ್ಟಿನಿಂದಲೇ ಬಿಗಿಯಾದ ಕೈಗಳಿಗೆ ದಿನದ ಕೆಲಸಗಳನ್ನು ಮರಳಿ ಕಲಿಸುವುದು ನಾನು ಓದಿದ ವಿದ್ಯೆ. ಗುಂಡಿ ಹಾಕುವುದು, ತುತ್ತು ಕಲಸುವುದು, ಬೀಗ ತಿರುಗಿಸುವುದು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ಹೆಗಲಿಗೊಂದು ಚೀಲ, ಚೀಲದಲ್ಲಿ ಮಣಿ, ಬಳೆ, ಬಟ್ಟೆ ಕ್ಲಿಪ್ಪು, ಗೊಂಬೆ. ಶುಕ್ರವಾರ ಚನ್ನಗಿರಿಯಲ್ಲಿ ಕಚೇರಿಯಾಗಿರುವ ಬಾಡಿಗೆ ಕೋಣೆಯಲ್ಲಿ ಕೂತು ದಾಖಲೆ ಪುಸ್ತಕ ಬರೆಯುವುದು. ವರ್ಷಕ್ಕೊಮ್ಮೆ ಆಟಿಕೆಗಳನ್ನೆಲ್ಲ ಹೊರಗೆ ಹರವಿ, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತೇನೆ. ಪುಸ್ತಕದಲ್ಲಿ ನಾಲ್ಕು ಕಾಲಂ: ವಯಸ್ಸು, ಬೆರಳಿಗೆ ಕೆಲಸ, ಅಪಾಯ, ಇತರೆ. ಗೆರೆಗಳನ್ನು ನಾನೇ ಸ್ಕೇಲು ಇಟ್ಟು ಎಳೆದಿದ್ದೇನೆ.

ಈ ರೋಬೋ ದಾನವಾಗಿ ಬಂದ ಪೆಟ್ಟಿಗೆಯೊಂದರಲ್ಲಿತ್ತು. ಎದೆಯ ಜಾಗದಲ್ಲಿ ಒಂದು ಗೂಡು. ಆ ಗೂಡಿನಲ್ಲಿ ಮುಖವಾಡ ಹಾಕಿ, ಕೆಂಪು ಬಟ್ಟೆಯ ಚೂರನ್ನು ಬೆನ್ನಿಗೆ ಕಟ್ಟಿಕೊಂಡ ಪುಟ್ಟ ಸೂಪರ್‌ಹೀರೋ ಕೂರುತ್ತಾನೆ. ಅವನು ಒಳಗಿಂದ ಹೇಳಿದಂತೆ ಹೊರಗಿನ ದೊಡ್ಡ ಕೈಕಾಲುಗಳು ಆಡಬೇಕು ಎನ್ನುವುದು ಕಥೆ. ಒಟ್ಟು ತೊಂಬತ್ತೆಂಟು ತುಣುಕು. ಎರಡು ವರ್ಷದ ಹಿಂದೆ ನಾನೇ ಬರೆದ ಸಾಲುಗಳು ಈಗಲೂ ಹಾಗೇ ಇವೆ: "ಭುಜ ತಿರುಗುತ್ತದೆ. ಪಾದ ತಿರುಗುತ್ತದೆ. ಅಂಗೈ ಕಡ್ಡಿಯನ್ನು ಹಿಡಿಯುತ್ತದೆ. ಮೊಣಕಾಲು ಬಾಗುವುದಿಲ್ಲ, ಕೊರತೆ. ತುಣುಕು ಕೂಡಿಸಲು ಹೆಬ್ಬೆರಳು, ತೋರುಬೆರಳಿಗೆ ಒಳ್ಳೆಯ ಒತ್ತಡ ಬೇಕು, ಉಪಯುಕ್ತ." 'ಇತರೆ' ಕಾಲಂ ಖಾಲಿ. ಅಲ್ಲಿ ಬರೆಯಬೇಕಾದುದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ಹಾಲಮ್ಮ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನವರು. ಇಪ್ಪತ್ತೆಂಟು ವರ್ಷ ದಿನವೂ ಬಸ್ಸು ಹತ್ತಿ ಬಂದು ಚನ್ನಗಿರಿಯ ಮಂಡಿಯೊಂದರಲ್ಲಿ ಅಡಿಕೆ ಆರಿಸಿದವರು. ನೆಲದ ಮೇಲೆ ಕೂತು, ಮೊರ ತೊಡೆಗಿಟ್ಟುಕೊಂಡು, ನೋಡದೆಯೇ ಬೆರಳಲ್ಲೇ ಗಟ್ಟಿ ಮಾಲಾದ ರಾಶಿ ಯಾವುದು, ಬೆಟ್ಟೆ ಯಾವುದು, ಕಳಪೆಯ ಗೊರಬಲು ಯಾವುದು ಎಂದು ಬೇರೆ ಮಾಡುವ ಕೈ ಅದು. ಆ ಬಲಗೈಗೇ ಲಕ್ವ ಹೊಡೆಯಿತು. ನಾನು ಅವರ ಮನೆಗೆ ಮೊದಲು ಹೋದಾಗ ಅವರು ಅದನ್ನು ಎಡಗೈಯಿಂದ ಎತ್ತಿ ನನ್ನ ಮುಂದಿಟ್ಟು, "ತಗಳ್ರಿ, ಇದೇ ನೋಡ್ರಿ ನಮ್ಮನಿ ಸೋಂಬೇರಿ" ಎಂದು ಪರಿಚಯ ಮಾಡಿಸಿದರು.

ಐದು ತಿಂಗಳು ಪ್ರತಿ ಸೋಮವಾರ ಹೋದೆ. ಮಣಿ ಪೋಣಿಸುವುದು ಅವರಿಗೆ ಅವಮಾನ. "ಇದೇನು ನಾಮಕರಣದ ಕೂಸಿಗೆ ಕೊಟ್ಟಂಗೆ ಕೊಡ್ತೀರಿ" ಎಂದು ಬೈಯುತ್ತಿದ್ದರು. ಅದಕ್ಕೇ ಒಂದು ದಿನ ಈ ರೋಬೋ ತೆಗೆದುಕೊಂಡು ಹೋದೆ. ಜೋಡಿಸುವ ಕ್ರಮ ತಿಳಿಸುವ ಪುಟ್ಟ ಪುಸ್ತಿಕೆಯನ್ನು ಬಿಡಿಸಿ ನೋಡಿ ಅವರಿಗೆ ಖುಷಿಯೋ ಖುಷಿ. "ಅಕ್ಷರನೇ ಇಲ್ಲ! ಬರೇ ಚಿತ್ರ. ಇದನ್ನ ಮಾಡಿದೋನು ನನ್ನಂಗೇ ಸಾಲಿಗೆ ಹೋಗದೋನು ಇರಬೇಕು ಬಿಡ್ರಿ."

ನಾನು ಪುಸ್ತಿಕೆಯ ಮೊದಲ ಪುಟದಿಂದ ಶುರು ಮಾಡಬೇಕೆಂದು ಹೇಳುತ್ತಿರುವಾಗಲೇ ಅವರು ತುಣುಕುಗಳನ್ನೆಲ್ಲ ಮೊರಕ್ಕೆ ಸುರಿದಿದ್ದರು. ಮೊದಲು ಆರಿಸಬೇಕಂತೆ. ಆರಿಸದೆ ಕಟ್ಟಲು ಕೂರುವವರು ಕೆಲಸಗೇಡಿಗಳಂತೆ. ಎಡಗೈ ಮೊರ ಹಿಡಿದಿತ್ತು. ಬಲಗೈಯ ಬೆರಳುಗಳು ನಡುಗುತ್ತ, ತಪ್ಪುತ್ತ, ಬೂದು, ಕೆಂಪು, ಕಪ್ಪು ಎಂದು ಮೂರು ಗುಡ್ಡೆ ಮಾಡಿದವು. ಒಂದು ತುಣುಕನ್ನು ಅಂಗೈಯಲ್ಲಿ ತೂಗಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಕೊನೆಗೆ ಬಾಯಿಗೆ ಹಾಕಿ ಕಟಕ್ಕನೆ ಕಚ್ಚಿದರು.

"ಅಮ್ಮಾ, ಅದು ಪ್ಲಾಸ್ಟಿಕ್ಕು!"

"ಗೊತ್ತೈತೆ ಸುಮ್ನಿರ್ರಿ. ಗಟ್ಟಿ ಐತೋ ಇಲ್ವೋ ನೋಡ್ಬೇಕಲ್ಲ. ಐತೆ. ಇದು ರಾಶಿ ಮಾಲು."

ಆ ಹಲ್ಲಿನ ಗುರುತು ಅದು.

ಕಟ್ಟಿ ಮುಗಿಸಿದಾಗ ನನ್ನ ಗಡಿಯಾರ ಐವತ್ತೆರಡು ನಿಮಿಷ ತೋರಿಸಿತು. ಒಂದು ಸಲವೂ ನಾನು ಕೈ ಹಾಕಿರಲಿಲ್ಲ. ಅದೇ ರೋಬೋವನ್ನು ಹಿಂದಿನ ದಿನ ನಾನು ಹದಿಮೂರು ನಿಮಿಷದಲ್ಲಿ ಕಟ್ಟಿದ್ದೆ. ಹಾಲಮ್ಮನ ಕುತ್ತಿಗೆ ಬೆವತಿತ್ತು, ಬಲಭುಜ ಕಿವಿಯ ಮಟ್ಟಕ್ಕೆ ಏರಿ ಅಲ್ಲೇ ನಿಂತಿತ್ತು. ಆದರೂ ಅವರು ರೋಬೋವನ್ನು ನೆಲಕ್ಕಿಟ್ಟು ಪರೀಕ್ಷೆ ಶುರು ಮಾಡಿದರು. ಕೂರಿಸಲು ನೋಡಿದರು, ಅದು ಮಕಾಡೆ ಬಿತ್ತು.

"ಇದಕ್ಕೆ ಮಣಕಾಲು ಮಡಚಾಕೆ ಬರಂಗಿಲ್ಲ! ಮಂಡಿಗೆ ಕರಕೊಂಡು ಹೋದ್ರೆ ನಿಂತೇ ಅಡಿಕೆ ಆರಿಸ್ಬೇಕು ಪಾಪ." ಆಮೇಲೆ ಗೂಡಿನಲ್ಲಿದ್ದ ಸೂಪರ್‌ಹೀರೋನ ತಲೆಯ ಮೇಲೆ ಬೆರಳಿಟ್ಟು, ದನಿ ಇಳಿಸಿ, "ಒಳಗೆ ಕುಂತೋನು ಎತ್ತು ಅಂತಾನೆ. ಹೊರಗಿನ ಕೈ ಕೇಳಂಗಿಲ್ಲ. ಅಲ್ಲೇನ್ರಿ?" ಎಂದರು.

ನಾನು ಫೋಟೋ ತೆಗೆದೆ. ಬಲಗೈಯಲ್ಲಿ ರೋಬೋ ಎತ್ತಿ ಹಿಡಿದು ನಗುತ್ತಿರುವ ಹಾಲಮ್ಮ.

ಅದೇ ವಾರ ಅವರು ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದರು. ಆಸ್ಪತ್ರೆಯಲ್ಲಿ ತಪಾಸಣೆಯಾಗಬೇಕು, ಕೈ ಎಷ್ಟು ಪಾಲು ಹೋಗಿದೆ ಎಂದು ವೈದ್ಯರು ಬರೆದುಕೊಡಬೇಕು. ಸರ್ಕಾರ ಹಾಕಿದ ಗೆರೆಗಿಂತ ಹೆಚ್ಚು ಹೋಗಿದ್ದರೆ ಮಾತ್ರ ಕಾಗದ ಸಿಗುತ್ತದೆ. ಪಕ್ಕದ ಮನೆಯ ನಿಂಗಮ್ಮ ಬಾಗಿಲಲ್ಲಿ ನಿಂತು ಪಾಠ ಹೇಳಿದರು: "ಡಾಕ್ಟ್ರ ಮುಂದೆ ಕೈನ ಬಾಡಿದ ಸೊಪ್ಪಿನಂಗೆ ಬಿಡು ಹಾಲಮ್ಮ. ನೀನು ಆ ಗೊಂಬಿ ಕಟ್ಟಿದ್ದು ಅಲ್ಲಿ ಹೇಳಾಕೆ ಹೋಗ್ಬ್ಯಾಡ."

"ಬರೋ ಕೈನ ಬರಲ್ಲ ಅನ್ನಾಕೆ ಹೆಂಗಾಗುತ್ತೆ ಕಣೆ?"

ಇಬ್ಬರೂ ನನ್ನ ಕಡೆ ತಿರುಗಿದರು. ಕಲಿತವಳು ನಾನೊಬ್ಬಳೇ ತಾನೇ. "ಎಷ್ಟು ಆಗುತ್ತೋ ಅಷ್ಟು ಮಾಡಿ ತೋರಿಸ್ರಿ ಅಮ್ಮ. ಸುಳ್ಳು ಬೇಡ" ಎಂದೆ. ಹೇಳುವಾಗ ನನ್ನ ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ ನನಗೇ ಅದರ ಮೇಲೆ ಮೆಚ್ಚುಗೆಯಾಯಿತು.

ತಪಾಸಣೆಗೆ ನನ್ನ ವರದಿಯೂ ಹೋಗಬೇಕಿತ್ತು. ಅದರಲ್ಲಿ ಬರೆದೆ: "ತೊಂಬತ್ತೆಂಟು ತುಣುಕುಗಳನ್ನು ಎರಡೂ ಕೈಗಳಿಂದ, ಯಾರ ನೆರವೂ ಇಲ್ಲದೆ ಜೋಡಿಸಿದ್ದಾರೆ." ಯಾರೂ ಕೇಳದಿದ್ದರೂ ಫೋಟೋ ಲಗತ್ತಿಸಿದೆ. ಐವತ್ತೆರಡು ನಿಮಿಷ ಎಂಬುದನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಮರೆತೆ ಎಂದು ಹೇಳಿಕೊಳ್ಳುವ ಆಸೆ ಇದೆ. ಆದರೆ ಚಹಾ ಎಷ್ಟು ನಿಮಿಷ ಕುದಿಯಿತೆಂದು ನೋಡಿಕೊಳ್ಳುವವಳು ನಾನು, ಮರೆಯುವುದಿಲ್ಲ. ಕೆಲಸಕ್ಕೆ ಸೇರಿ ಆಗಿನ್ನೂ ವರ್ಷವಾಗಿರಲಿಲ್ಲ. ಹಾಲಮ್ಮನ ಕೈ ನನ್ನ ಮೊದಲ ಗೆಲುವು. ಆ ಸಂಖ್ಯೆ ಬರೆದಿದ್ದರೆ ಗೆಲುವು ಸಣ್ಣದಾಗಿ ಕಾಣುತ್ತಿತ್ತು.

"ಗುಂಡಿ ಹಾಕಮ್ಮ ಅಂದ್ರು, ಹಾಕಿದೆ. ಪೆನ್ನು ಹಿಡಿಯಮ್ಮ ಅಂದ್ರು, ಹಿಡಿದೆ. ಫೋಟೋ ನೋಡಿ, ಶಹಬ್ಬಾಸ್ ಅಂದ್ರು" ಎಂದು ಹಾಲಮ್ಮ ಬಂದು ಹೇಳಿದರು. ವೈದ್ಯರು ಬರೆದ ಪಾಲು ಗೆರೆಯ ಕೆಳಗೇ ಉಳಿಯಿತು. ಕಾಗದ ಸಿಗಲಿಲ್ಲ. ವೈದ್ಯರದು ತಪ್ಪೆನ್ನಲಾರೆ, ಅವರ ಮುಂದೆ ಏನಿತ್ತೋ ಅದನ್ನು ನೋಡಿ ಬರೆದರು, ಏನಿತ್ತೋ ಅದನ್ನು ಇಟ್ಟವಳು ನಾನು. ಹಾಗಿದ್ದರೆ ಕೈ ಸರಿಯಾಗಿದೆಯಲ್ಲ ಎಂದು ಹಾಲಮ್ಮ ಮಂಡಿಗೆ ಹೋದರು. ಅಲ್ಲಿ ಎರಡು ದಿನ ಕೂರಿಸಿಕೊಂಡರು. ಜೊತೆಯವರು ನಾಲ್ಕು ಮೊರ ಮುಗಿಸುವಷ್ಟರಲ್ಲಿ ಇವರದು ಒಂದು. ಮೂರನೆಯ ದಿನ, "ನಿಮ್ಮ ಕೈ ಪೂರ್ತಿ ಸರಿಯಾದ ಮ್ಯಾಲೆ ಬರ್ರಿ ಹಾಲಮ್ಮ" ಎಂದು ಮರ್ಯಾದೆಯಿಂದಲೇ ಕಳಿಸಿದರು. ನಾಲ್ಕರಲ್ಲಿ ಒಂದು: ನಾನು ಮುಚ್ಚಿಟ್ಟ ಲೆಕ್ಕವನ್ನೇ ಮಂಡಿಯವರು ಎರಡು ದಿನದಲ್ಲಿ ಕಂಡುಕೊಂಡಿದ್ದರು.

ಸಂತೇಬೆನ್ನೂರಿನ ಮನೆ ಬಿಟ್ಟು ಅವರು ಜಗಳೂರಿನಲ್ಲಿರುವ ಮಗಳು ರೇಣುಕಾಳ ಮನೆಗೆ ಹೋದರು. ನಾನು ಪ್ರತಿ ಗುರುವಾರ ಜಗಳೂರಿಗೆ ಹೋಗುತ್ತೇನೆ. ಬಸ್‌ಸ್ಟ್ಯಾಂಡಿನಿಂದ ಬರುವ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿ, ರೇಣುಕಾಳ ಮನೆಯ ಮುಂದೆ ಹಾದರೆ ನನ್ನ ಕೆಲಸದ ಜಾಗಕ್ಕೆ ಹತ್ತಿರ. ನಾನು ನೇರ ಹೋಗಿ ಸುತ್ತು ಹಾಕುವುದನ್ನು ರೂಢಿಸಿಕೊಂಡೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಕಾರಣವನ್ನೂ ಹುಡುಕಿಕೊಂಡೆ.

ಎಂಟು ತಿಂಗಳ ಹಿಂದೆ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರೇ ಕೂಗಿದರು. ಬಲಗೈ ಸೆರಗಿನೊಳಗಿತ್ತು. ಹತ್ತಿರ ಬಂದು, ಅತ್ತಿತ್ತ ನೋಡಿ, ಪಿಸುಮಾತಿನಲ್ಲಿ, "ಈ ಸಲ ಪಾಸಾದೆ ನೋಡ್ರಿ ಮೇಡಮ್ಮ!" ಎಂದರು. ಮತ್ತೆ ಅರ್ಜಿ ಹಾಕಿದ್ದರಂತೆ, ಕಾಗದ ಬಂದಿತ್ತಂತೆ. "ನಿಂಗಮ್ಮ ಹೇಳಿದಂಗೇ ಮಾಡಿದೆ. ಒಂದಿನ ನಟನೆ ಮಾಡಿದ್ರೆ ಸಿಕ್ಕಿ ಬೀಳ್ತೀನಿ ಅಂತ ವರ್ಷಪೂರ್ತಿ ರೂಢಿ ಮಾಡ್ದೆ. ಮನ್ಯಾಗೂ ಎತ್ತಲಿಲ್ಲ. ತುತ್ತೂ ಎಡಗೈಲೇ."

"ಈಗ?"

"ಈಗ ಎತ್ತು ಅಂದ್ರೂ ಎತ್ತಂಗಿಲ್ಲ." ನಕ್ಕರು. "ಒಳ್ಳೇದೇ ಆತು ಬಿಡ್ರಿ, ನಟನೆ ಮಾಡೋ ತ್ರಾಸು ತಪ್ತು."

ಸೆರಗು ಸರಿಸಿ ತೋರಿಸಿದರು. ಹೆಬ್ಬೆರಳು ಒಳಗೆ ಮಡಚಿ, ಮಿಕ್ಕ ನಾಲ್ಕು ಬೆರಳು ಅದರ ಮೇಲೆ ಮುಚ್ಚಿಕೊಂಡಿದ್ದವು. ಬಳಸದೆ ಬಿಟ್ಟ ಕೈಯನ್ನು ಮೆದುಳು ನಿಧಾನವಾಗಿ ತನ್ನದಲ್ಲವೆಂದು ಬಿಟ್ಟುಕೊಡುತ್ತದೆ, ಕೀಲುಗಳು ಬಿಗಿಯುತ್ತವೆ. ಇದು ನನಗೆ ಪದವಿಯ ಮೂರನೆಯ ವರ್ಷದಲ್ಲಿ ಎಂಟು ಅಂಕದ ಪ್ರಶ್ನೆಯಾಗಿ ಬಂದಿತ್ತು. ಏಳು ಸಿಕ್ಕಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ, "ಇರಲಿ ಅಮ್ಮ" ಎಂದೆ. ಅದೇ ಮಾತು. ಬಸ್ಸು ಬಂತು, ಹತ್ತಿದೆ.

ಶುಕ್ರವಾರ ಇದೆಲ್ಲ ಆ ತುಣುಕಿನ ಅಂಚಿನಲ್ಲಿತ್ತು. ಆಯಾ ಹೋದ ಮೇಲೆ ನಾನೊಬ್ಬಳೇ ಕೂತು ರೋಬೋವನ್ನು ಕಟ್ಟಿದೆ, ಬಲಗೈಯೊಂದರಲ್ಲೇ, ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಕಾಲು ಗಂಟೆಯಲ್ಲಿ ಒಂದು ಪಾದ ಮುಗಿಯಿತು. ಬೆರಳ ತುದಿ ಕೆಂಪಾಯಿತು. ಮತ್ತೆ ಎಲ್ಲವನ್ನೂ ಬಿಚ್ಚಿ ಡಬ್ಬಕ್ಕೆ ಹಾಕಿದೆ. 'ಇತರೆ' ಕಾಲಮ್ಮಿನಲ್ಲಿ "ಐವತ್ತೆರಡು ನಿಮಿಷ" ಎಂದು ಬರೆದೆ. ಎರಡು ವರ್ಷ ತಡವಾಗಿ ಬರೆದ ಸಂಖ್ಯೆ ಯಾರಿಗೂ ಏನೂ ಮಾಡುವುದಿಲ್ಲ ಎಂದು ಗೊತ್ತಿದ್ದೂ ಅಂಕಿಗಳನ್ನು ಅಂದವಾಗಿ ಬರೆದೆ.

ಶನಿವಾರ ನನಗೆ ರಜೆ. ಬೆಳಿಗ್ಗೆ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಇಳಿದೆ. ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿದೆ. ರೇಣುಕಾ ಕೆಲಸಕ್ಕೆ ಹೋಗಿದ್ದಳು. ಹಾಲಮ್ಮ ನನ್ನ ಹೆಗಲ ಚೀಲ ನೋಡಿದ್ದೇ ಎದ್ದರು.

"ಬಾಗಿಲು ಹಾಕ್ರಿ ಮೊದ್ಲು. ಯಾರಾದ್ರೂ ನೋಡಿ ಹೇಳಿದ್ರೆ ಕಾಗ್ದ ಕಿತ್ಕಂತಾರೆ."

ಬಾಗಿಲು ಹಾಕಿದೆ. ಚಿಲಕವನ್ನೂ ಹಾಕಿದೆ. ಐವತ್ತೆರಡು ನಿಮಿಷದ ವಿಷಯ ಹೇಳಿದೆ. ನಾನು ಬರೆಯದೆ ಬಿಟ್ಟಿದ್ದು, ಯಾಕೆ ಬಿಟ್ಟಿದ್ದು. ಅವರು ನನ್ನ ಮುಖ ನೋಡಿ, "ನೀವೂ ನಟನೆ ಮಾಡಿದ್ರಿ ಅನ್ರಿ ಹಂಗಾರೆ" ಎಂದರು. ನಗಲಿಲ್ಲ. ಆಮೇಲೆ ತಾವೇ ಎದ್ದು ಮೊರ ತಂದರು.

ಬಿಗಿದ ಬೆರಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಿದೆ. ಅಂಗೈಯಲ್ಲಿ ಉಗುರು ಊರಿದ ನಾಲ್ಕು ಗೀರುಗಳಿದ್ದವು, ಹುಳಿ ಬೆವರಿನ ವಾಸನೆ ಇತ್ತು. ಬಲಗೈಯೇ ದುಡಿಯಲೆಂದು ನನ್ನ ವೇಲ್ ತೆಗೆದು ಅವರ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದೆ. "ಗಟ್ಟಿ ಕೈನ ಕಟ್ಟಿ ಹಾಕ್ತೀರಲ್ಲ, ಇದೆಂಥಾ ವಿದ್ಯೆ" ಎಂದು ಗೊಣಗಿದರು, ಆದರೂ ಕಟ್ಟಿಸಿಕೊಂಡರು. ಹಲ್ಲಿನ ಗುರುತಿದ್ದ ತುಣುಕನ್ನು ಬಲಗೈಯ ಬೆರಳುಗಳ ನಡುವೆ ಇಟ್ಟೆ. ಬೆರಳು ಹಿಡಿಯಲಿಲ್ಲ. ತುಣುಕು ಮೊರಕ್ಕೆ ಬಿದ್ದು ಟಪ್ ಎಂದಿತು. ಮತ್ತೆ ಇಟ್ಟೆ. ಮತ್ತೆ ಬಿತ್ತು. ಹೊರಗೆ ಯಾರೋ ಬೀದಿಯಲ್ಲಿ ಮಾತಾಡುತ್ತ ಹೋದರು. ಅವರು ದಾಟುವವರೆಗೆ ಇಬ್ಬರೂ ಉಸಿರು ಹಿಡಿದೆವು. ಏಳನೆಯ ಸಲ ಬಿದ್ದ ಮೇಲೆ ನಾನು ಎಣಿಸುವುದನ್ನು ಬಿಟ್ಟು, ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿ, ತುಣುಕನ್ನು ಮತ್ತೆ ಎತ್ತಿಟ್ಟೆ.