ಎದುರು ಬಸ್ಸಿನ ಕಿಟಕಿಯಲ್ಲಿ ಗುಂಡ

ಆ ಮಾರ್ಗದ ಬಸ್ಸಿನಲ್ಲಿ ಓಡಾಡುವವರೆಲ್ಲ ಅವಳನ್ನು ಕಂಡಕ್ಟರಮ್ಮ ಎನ್ನುತ್ತಾರೆ. ದನಿ ದೊಡ್ಡದು. ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರು ಅವಳು ಒಮ್ಮೆ ತಿರುಗಿ ನೋಡಿದರೆ ಸಾಕು, ತುಟಿಪಿಟಕ್ಕೆನ್ನದೆ ಒಳಗೆ ಬರುತ್ತಾರೆ. ಇಂಥವಳಿಗೂ ನೀರು ಕುಡಿಸಿದವನೊಬ್ಬನಿದ್ದ. ಇನ್ನೂ ಹಲ್ಲು ಬಾರದ ಅವಳ ಮಗ, ಗುಂಡ.

ಹೆರಿಗೆ ರಜೆ ಮುಗಿಯಿತು, ಗುಂಡನ ಹಟ ಮುಗಿಯಲಿಲ್ಲ. ಹಿಂಡಿಟ್ಟ ಹಾಲನ್ನು ಬಾಟಲಿಯಲ್ಲಿ ಕೊಟ್ಟರೆ ಜಪ್ಪಯ್ಯ ಅಂದರೂ ಬಾಯಿ ತೆರೆಯುವುದಿಲ್ಲ. ಚಮಚದಲ್ಲಿ ಕೊಟ್ಟರೆ ಕೊಟ್ಟವರ ಮುಖಕ್ಕೇ ಉಗುಳುತ್ತಾನೆ. ಕೊನೆಗೆ ಅತ್ತೆಯೇ ಒಂದು ದಾರಿ ಕಂಡುಕೊಂಡರು. ಬಸ್ಸು ಸುತ್ತು ಮುಗಿಸಿ ನಿಲ್ದಾಣಕ್ಕೆ ಬರುವ ಹೊತ್ತಿಗೆ ಮಗುವನ್ನೆತ್ತಿಕೊಂಡು ಅಲ್ಲಿ ಕಾಯುವುದು. ಜನ ಇಳಿದದ್ದೇ ತಡ, ಕಂಡಕ್ಟರಮ್ಮ ಕೊನೆಯ ಸೀಟಿನಲ್ಲಿ ಕುಳಿತು ಹಾಲೂಡಿಸುವಳು, ಅತ್ತೆ ಕಿಟಕಿಗೆ ಶಾಲು ಹಿಡಿಯುವರು, ಡ್ರೈವರಣ್ಣ ಕೆಳಗೆ ಟೀ ಕುಡಿಯುತ್ತ ಯಾರನ್ನೂ ಹತ್ತಲು ಬಿಡದೆ ಕಾವಲಿರುವನು.

"ಆಯ್ತಾ ಯಜಮಾನ್ರ ಊಟ?" ಎಂದು ಅವನು ಕೂಗಿದ ಮೇಲೆಯೇ ಬಸ್ಸು ಹೊರಡುತ್ತಿತ್ತು.

ಒಂದೇ ಎಡವಟ್ಟು. ಅತ್ತೆ ಮೊಬೈಲನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. "ಅದು ಕಿರುಚಿದ್ರೆ ಇವನೂ ಕಿರುಚ್ತಾನೆ ಕಣೆ. ನಿನ್ನ ಬಸ್ಸು ಕಣ್ಣಿಗೆ ಕಾಣುತ್ತಲ್ಲ, ಫೋನ್ ಯಾಕೆ?" ಎನ್ನುತ್ತಿದ್ದರು.

ಒಂದು ದಿನ ಬಸ್ಸು ಕಣ್ಣಿಗೆ ಕಾಣಲಿಲ್ಲ. ನೀರಿನ ದೊಡ್ಡ ಪೈಪು ಒಡೆದು ರಸ್ತೆ ಕುಸಿದಿತ್ತು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಕಂಡಕ್ಟರಮ್ಮನ ಬಸ್ಸು. "ಈಗ ಬಿಡ್ತಾರೆ, ಈಗ ಬಿಡ್ತಾರೆ" ಎಂದು ಮೊದಲು ಪ್ರಯಾಣಿಕರಿಗೆ ಸಮಾಧಾನ ಹೇಳಿದಳು. ಆಮೇಲೆ ಅದನ್ನೇ ತನಗೆ ಹೇಳಿಕೊಂಡಳು. ಎದೆ ಕಲ್ಲಾಗಿ ನೋಯತೊಡಗಿತು. ಮಗು ಹಸಿದಿದೆ ಎಂದು ತಿಳಿಯಲು ಗಡಿಯಾರ ನೋಡಬೇಕಾಗಿರಲಿಲ್ಲ. ಮನೆಗೆ ಫೋನ್ ಮಾಡಿದಳು. ಅದು ಬಡಿದುಕೊಳ್ಳುತ್ತಲೇ ಇತ್ತು. ಗಂಡ ಕಾರ್ಖಾನೆಯ ಪಾಳಿಯಲ್ಲಿದ್ದ, ಅಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕು.

"ಅಣ್ಣಾ, ಬಿಸಿಲಲ್ಲಿ ಅಳ್ತಾ ಇರ್ತಾನೆ. ಮೊನ್ನೆ ತಾನೇ ಜ್ವರ ಬಿಟ್ಟಿದೆ," ಎಂದಳು.

"ಅತ್ತೆ ಇದ್ದಾರಲ್ಲಮ್ಮ."

"ಅತ್ತೆ ಹತ್ರ ಹಾಲಿಲ್ಲವಲ್ಲಣ್ಣ!"

ಡ್ರೈವರಣ್ಣ ಸುಮ್ಮನೆ ಹಾರನ್ ಒತ್ತಿದ. ಹಾರನ್ನಿಗೆ ಹೆದರಿ ಲಾರಿ ಹಾರಿಹೋಗುತ್ತದೆಯೇ? ಇಳಿದು ಓಡಿಬಿಡಲೇ ಎಂದು ಅವಳು ಎರಡು ಸಲ ಮೆಟ್ಟಿಲವರೆಗೂ ಹೋದಳು. ಬಸ್ಸು ತುಂಬ ಜನ, ಹೆಗಲಲ್ಲಿ ಟಿಕೆಟ್ ಯಂತ್ರ, ನಿಲ್ದಾಣವೇನೂ ಕೂಗಳತೆಯಲ್ಲಿರಲಿಲ್ಲ. "ನಿಮಗೇನಮ್ಮ, ನಿಂತ್ರೂ ಸಂಬಳ, ಓಡಿದ್ರೂ ಸಂಬಳ," ಎಂದು ಮುಂದಿನ ಸೀಟಿನವನೊಬ್ಬ ಗೊಣಗಿದ. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದಳು. ಈಗ ಅಳು ಬಂದೀತೆಂದು ಬಾಯಿ ತೆರೆಯಲಿಲ್ಲ.

ಅಂತೂ ದಾರಿ ಬಿಟ್ಟಿತು. ಮಕ್ಕಳ ಆಸ್ಪತ್ರೆ ದಾಟಿ, ನಿಲ್ದಾಣ ಇನ್ನೇನು ಬಂತು ಎನ್ನುವಾಗ ಎದುರಿನಿಂದ ಇನ್ನೊಂದು ಬಸ್ಸು ಬಂತು. ಅದರ ಕಿಟಕಿಯಲ್ಲಿ ಅತ್ತೆ. ಅತ್ತೆಯ ಹೆಗಲ ಮೇಲೆ ಗುಂಡ. ಅವನ ತಲೆ ಒಂದು ಕಡೆಗೆ ವಾಲಿತ್ತು, ಕೈ ಜೋಲುತ್ತಿತ್ತು.

ಹಸಿದ ಗುಂಡ ಸುಮ್ಮನಿರುವವನೇ ಅಲ್ಲ. ಅತ್ತು ಅತ್ತು ಪ್ರಜ್ಞೆ ತಪ್ಪಿದ್ದಾನೆ, ಅತ್ತೆ ಆಸ್ಪತ್ರೆಗೆ ಒಯ್ಯುತ್ತಿದ್ದಾರೆ. ಬೇರೇನೂ ಅವಳ ತಲೆಗೆ ಬರಲಿಲ್ಲ. ಉಸಿರು ಮುಗಿಯುವವರೆಗೆ ಸೀಟಿ ಊದಿದಳು. ಡ್ರೈವರಣ್ಣ ಬ್ರೇಕ್ ಹಾಕಿ, ಕಿಟಕಿಯಿಂದ ಕೈಯಾಡಿಸಿ ಎದುರು ಬಸ್ಸನ್ನೂ ನಿಲ್ಲಿಸಿದ. ರಸ್ತೆ ದಾಟಿ ಆ ಬಸ್ಸು ಹತ್ತಿದ್ದು ಹೇಗೆಂದು ಅವಳಿಗೆ ಇಂದಿಗೂ ನೆನಪಿಲ್ಲ.

"ಏನಾಯ್ತು ಅತ್ತೆ? ಏನಾಯ್ತು ಇವನಿಗೆ?"

"ಶ್, ಮೆಲ್ಲಗೆ! ಈಗ ತಾನೇ ಮಲಗಿದ್ದಾನೆ. ರಸ್ತೆ ಕುಸಿದಿದೆ ಅಂದ್ರು, ನೀನು ಅಲ್ಲೇ ಸಿಕ್ಕಿಹಾಕ್ಕೊಂಡಿರ್ತೀಯ ಅಂತ ನಿನ್ನ ಹತ್ರಾನೇ ಹೊರಟಿದ್ದೆ."

ಮಗುವನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. ಮೈ ಬೆಚ್ಚಗಿತ್ತು, ಉಸಿರು ಹದವಾಗಿತ್ತು. ಹೊಟ್ಟೆ ದುಂಡಗಿತ್ತು. ತುಟಿಯ ಅಂಚಿನಲ್ಲಿ ಹಾಲು ಒಣಗಿತ್ತು.

"ಯಾವ ಹಾಲು ಅತ್ತೆ ಇದು?"

ಅತ್ತೆ ಮುಖ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡ ಕಣಮ್ಮ. ಉಸಿರು ಕಟ್ಟೋ ಹಾಗೆ ಅಳ್ತಿದ್ದ. ಪಕ್ಕದ ಬೆಂಚಲ್ಲಿ ಒಬ್ಳು ತನ್ನ ಮಗೂಗೆ ಕುಡಿಸ್ತಾ ಕೂತಿದ್ಳು. ನೋಡಿ ನೋಡಿ ತಡೀಲಾರದೆ ಕೈ ಚಾಚಿದ್ಳು. ನಾನು ಕೊಟ್ಟುಬಿಟ್ಟೆ."

ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಯಾರೋ, ಏನೋ, ಯಾವ ಕಾಯಿಲೆಯವಳೋ! ಅಮ್ಮನಲ್ಲದೆ ಬೇರೆ ಗತಿಯಿಲ್ಲ ಎನ್ನುವಂತಿದ್ದ ಈ ಮಹಾರಾಯ ಗುರುತಿಲ್ಲದವಳ ಮಡಿಲಲ್ಲಿ ಅದು ಹೇಗೆ ಒಪ್ಪಿಕೊಂಡ? ಹೊಟ್ಟೆಕಿಚ್ಚೇ ಆಯಿತು, ಸುಳ್ಳೇಕೆ ಹೇಳಬೇಕು.

"ಅವಳ ಮಗೂಗೆ?" ಎಂದು ಆಮೇಲೆ ಕೇಳಿದಳು.

"ಅದು ಇನ್ನೂ ಕುಡೀತಾನೇ ಇತ್ತು. ಅರ್ಧಕ್ಕೇ ಬಿಡಿಸಿದ್ಳು. 'ನನ್ನ ಮಗಳು ತಡ್ಕೋತಾಳೆ' ಅಂದ್ಳು. ಎಲ್ಲಿ ತಡ್ಕೊಳ್ಳುತ್ತೆ, ಪಾಪ, ಅಳ್ತಾನೇ ಇತ್ತು. ಇವನು ಬಿಡೋ ಹೊತ್ತಿಗೆ ಅವಳ ಬಸ್ಸು ಬಂತು, ಓಡಿಹೋಗಿ ಹತ್ತಿದ್ಳು. ನಾನು ಹೆಸರೂ ಕೇಳ್ಲಿಲ್ಲ, ಇವನನ್ನ ನೋಡ್ತಾ ಅವಳ ಮುಖಾನೂ ಸರಿಯಾಗಿ ನೋಡ್ಲಿಲ್ಲ."

ಕಂಡಕ್ಟರಮ್ಮನ ಸಿಟ್ಟು ಅಲ್ಲಿಗೇ ಇಳಿಯಿತು. ಎದೆಯ ಹಾಲು ಸೋರಿ ಅವಳ ಸಮವಸ್ತ್ರ ಒದ್ದೆಯಾಗುತ್ತಿತ್ತು. ಮಗ ಹೊಟ್ಟೆ ತುಂಬಿ ಮಲಗಿದ್ದ. ಆ ಇನ್ನೊಂದು ಮಗು ಎಲ್ಲಿಗೆ ಹೋಗುವ ಬಸ್ಸಿನಲ್ಲೋ ಅಳುತ್ತ ಹೋಗುತ್ತಿತ್ತು. ಎರಡೂ ಕಡೆ ಹಾರನ್‌ಗಳು ಬೊಬ್ಬೆ ಹೊಡೆಯತೊಡಗಿದವು. ಮಗುವನ್ನು ಅತ್ತೆಯ ಕೈಗಿತ್ತು, ಅವಳು ಹೋಗಿ ತನ್ನ ಬಸ್ಸು ಹತ್ತಿದಳು.

ಗುಂಡ ಈಗ ತಟ್ಟೆ ತುಂಬ ಉಣ್ಣುತ್ತಾನೆ, ಮನೆ ತುಂಬ ಓಡುತ್ತಾನೆ. ಕೂಸನ್ನೆತ್ತಿಕೊಂಡ ಹೆಂಗಸು ಬಸ್ಸು ಹತ್ತಿದರೆ ಮಾತ್ರ ಕಂಡಕ್ಟರಮ್ಮ ಈಗಲೂ ಮುಖ ದಿಟ್ಟಿಸುತ್ತಾಳೆ. ನೀವೇನಾ ಎಂದು ಕೇಳುವುದಾದರೂ ಹೇಗೆ? ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಾಳೆ. ಆ ತಾಯಿ ಇಳಿಯುವ ಸ್ಟಾಪು ಬಂದಾಗ ಕೂಸು ಇನ್ನೂ ಕುಡಿಯುತ್ತಿದ್ದರೆ, ಹಿಂದಿನವರು ಎಷ್ಟೇ ಗೊಣಗಲಿ, ಅದು ತಾನಾಗಿಯೇ ಬಾಯಿ ಬಿಡುವವರೆಗೆ ಹೊರಡುವ ಸೀಟಿ ಊದುವುದಿಲ್ಲ.