ಕಸಿ ಕಟ್ಟುವ ಗಂಗಾಂಬಿಕೆ

ಸೀತೂರಿನ ಗಂಗಾಂಬಿಕೆಯವರನ್ನು ನಾನು ಮೊದಲು ನೋಡಿದ್ದು ೨೦೦೨ರ ಆಗಸ್ಟ್ ತಿಂಗಳಲ್ಲಿ. ನಾನಾಗ ಕೊಪ್ಪದ ಹತ್ತಿರದ ಒಂದು ಕೃಷಿ ತರಬೇತಿ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಬಂದವರ ಹೆಸರು ಬರೆದುಕೊಳ್ಳುವುದು, ಊಟ-ವಸತಿ ನೋಡುವುದು, ಪಾಠಕ್ಕೆ ಬೇಕಾದ ಗಿಡ, ಮಣ್ಣಿನ ಚೀಲ, ಬ್ಲೇಡು ಹೊಂದಿಸಿಡುವುದು ನನ್ನ ಪಾಲಿಗೆ ಬಂದಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನವರೂ ನಮ್ಮಲ್ಲಿಗೆ ಬರುತ್ತಿದ್ದರು. ಆ ಸಲದ್ದು ಕಾಳುಮೆಣಸಿನ ಕಸಿ ಕಟ್ಟುವ ಐದು ದಿನದ ತರಬೇತಿ. ಪಟ್ಟಿಯಲ್ಲಿದ್ದ ಇಪ್ಪತ್ತೈದು ಹೆಸರೂ ಗಂಡಸರದ್ದು. ಹೆಂಗಸರಿಗೆ ಬೇರೆ ತರಬೇತಿಗಳಿದ್ದವು. ಉಪ್ಪಿನಕಾಯಿ, ಹಣ್ಣಿನ ಶರಬತ್ತು, ಹೊಲಿಗೆ.

ನಾನು ಹಾಜರಿ ಕರೆಯುತ್ತ ‘ಶಿವಶಂಕರಪ್ಪ’ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಮೂವತ್ತೈದು ದಾಟಿದ ವಯಸ್ಸು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಊಟದ ಡಬ್ಬಿ. ಶಿವಶಂಕರಪ್ಪ ತಮ್ಮ ಯಜಮಾನರು, ಸೊಸೈಟಿ ಚುನಾವಣೆಯ ಓಡಾಟದಲ್ಲಿದ್ದಾರೆ, ಅವರ ಬದಲಿಗೆ ತಾವು ಬಂದಿರುವುದಾಗಿ ಹೇಳಿದರು. ಒಬ್ಬರ ಹೆಸರಿಗೆ ಇನ್ನೊಬ್ಬರು ಬರುವಂತಿಲ್ಲ ಎಂದು ನಾನು ರಾಗ ಎಳೆದೆ. ಅವರು ದನಿ ಏರಿಸಲಿಲ್ಲ.

“ಬಳ್ಳಿ ಬುಡ ಬಿಡಿಸೋದು ನಾನು ಸಾರ್, ಗೊಬ್ಬರ ಹೊರೋದು ನಾನು. ಒಂದು ಬಳ್ಳಿ ಸೊರಗಿದ್ರೆ ಮನೇಲಿ ಮೊದ್ಲು ಗೊತ್ತಾಗೋದು ನಂಗೆ. ಅವ್ರು ಕಲಿತು ಬಂದ್ರೂ ಮತ್ತೆ ನಂಗೇ ಹೇಳಬೇಕಲ್ಲ.”

ಪಾಠ ಮಾಡಲು ಬಂದಿದ್ದ ಪರಮೇಶ್ವರ ಸಾರ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರು ನನ್ನ ಪೆನ್ನು ತೆಗೆದುಕೊಂಡು ಶಿವಶಂಕರಪ್ಪ ಎಂಬುದನ್ನು ಹೊಡೆದು, ಪಕ್ಕದಲ್ಲಿ ಗಂಗಾಂಬಿಕೆ ಎಂದು ಬರೆದರು.

ಗಂಗಾಂಬಿಕೆಯವರ ತವರು ಬಾಳೆಹೊನ್ನೂರಿನ ಕಡೆ. ಓದಿದ್ದು ಏಳನೇ ತರಗತಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಸೀತೂರಿಗೆ ಬಂದರು. ಗಂಡನ ಮನೆಯಲ್ಲಿ ಸ್ವಲ್ಪ ಗದ್ದೆ, ಒಂದೂವರೆ ಎಕರೆ ಅಡಿಕೆ, ಅಡಿಕೆ ಮರಗಳಿಗೆ ಹಬ್ಬಿಸಿದ ನೂರಿಪ್ಪತ್ತು ಮೆಣಸಿನ ಬಳ್ಳಿ. ಆ ಬಳ್ಳಿಗಳನ್ನು ಅವರು ಅತ್ತೆಯ ಕೈಯಿಂದ ವಹಿಸಿಕೊಂಡಿದ್ದರು. ತರಬೇತಿಗೆ ಮುಂಚಿನ ಎರಡು ಮಳೆಗಾಲದಲ್ಲಿ ಸೊರಗು ರೋಗ ಬಂದು ತೊಂಬತ್ತಕ್ಕೂ ಹೆಚ್ಚು ಹೋಗಿದ್ದವು. ಬೇರು ಕೊಳೆಯುವ ರೋಗ ಅದು. ಇವತ್ತು ಹಸಿರಾಗಿದ್ದ ಬಳ್ಳಿ ಎಂಟೇ ದಿನದಲ್ಲಿ ಎಲೆ ಉದುರಿಸಿ ಹಗ್ಗದ ಹಾಗೆ ಜೋತು ಬೀಳುತ್ತದೆ. ಔಷಧಿ ಹೊಡೆದರೂ ನಿಂತಿರಲಿಲ್ಲ.

ಪರಮೇಶ್ವರ ಸಾರ್ ಕಲಿಸಿದ್ದು ಇದಕ್ಕೊಂದು ಉಪಾಯವನ್ನು. ಮೆಣಸಿನದೇ ಜಾತಿಯ ಒಂದು ಹಿಪ್ಪಲಿ ಗಿಡವಿದೆ, ಹೊರದೇಶದ್ದು. ನೀರಲ್ಲಿ ನಿಂತರೂ ಅದರ ಬೇರು ಕೊಳೆಯುವುದಿಲ್ಲ. ಆ ಹಿಪ್ಪಲಿಯ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಸೀಳಿನೊಳಗೆ ಮೆಣಸಿನ ಕುಡಿ ಕೂರಿಸಿ ಕಟ್ಟಿದರೆ ಬೇರು ಹಿಪ್ಪಲಿಯದು, ಮೇಲಿನ ಬಳ್ಳಿ ಮೆಣಸಿನದು. ಕೇಳುವುದಕ್ಕೆ ಇಷ್ಟೆ. ಕೂರಿಸುವ ಕುಡಿಯ ತುದಿಯನ್ನು ಬೆಣೆಯ ಹಾಗೆ ಒಂದೇ ಎಳೆತಕ್ಕೆ ಕೊಯ್ಯಬೇಕು. ಎರಡನೇ ಸಲ ಬ್ಲೇಡು ಆಡಿಸಿದರೆ ಮೈ ತರಿಯಾಗಿ ಕೂಡಿಕೊಳ್ಳುವುದಿಲ್ಲ. ಕಟ್ಟಿದ ಮೇಲೆ ಪ್ಲಾಸ್ಟಿಕ್ ಕವರು ಮುಚ್ಚಿ ನೆರಳಲ್ಲಿಟ್ಟು ಕಾಯಬೇಕು.

ಐದು ದಿನವೂ ಗಂಗಾಂಬಿಕೆ ಮೊದಲ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋದರು. ಗಂಡಸರಲ್ಲಿ ಕೆಲವರು ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸುತ್ತಿದ್ದರು. ಇವರು ಆ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು, ಬಿಸಾಕಿದ ಕಡ್ಡಿಗಳನ್ನು ಹೆಕ್ಕಿಕೊಂಡು ಕೊಯ್ದು ಕೊಯ್ದು ನೋಡುತ್ತಿದ್ದರು. ಕೊನೆಯ ದಿನ ಎಲ್ಲರಿಗೂ ಐವತ್ತೈವತ್ತು ಹಿಪ್ಪಲಿ ಸಸಿ ಕೊಟ್ಟು ಕಳಿಸಿದೆವು.

ಹದಿನೈದು ದಿನಕ್ಕೆ ಅವರು ಮತ್ತೆ ಬಂದರು. ಐವತ್ತರಲ್ಲಿ ನಲವತ್ತಾರು ಸತ್ತಿದ್ದವು. ಪರಮೇಶ್ವರ ಸಾರ್ ಒಂದೊಂದಾಗಿ ಕೇಳುತ್ತ ಹೋದರು. ಬ್ಲೇಡು ಹೊಸದೇ? ಹೌದು. ಕುಡಿ ಎಳೆಯದೇ? ಹೌದು. ನೆರಳಿತ್ತೇ? ಇತ್ತು. ಕವರು ಯಾವಾಗ ತೆಗೆದಿರಿ ಅಂದಾಗ ಅವರು ನೆಲ ನೋಡಿದರು. ಕೂಡಿಕೊಂಡಿದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಎತ್ತಿ ಎತ್ತಿ ನೋಡಿದ್ದರಂತೆ. ಒಳಗಿನ ತೇವವೆಲ್ಲ ಹೋಗಿ ಕುಡಿ ಒಣಗಿತ್ತು. ಉಳಿದ ನಾಲ್ಕು, ಅವರು ದನದ ಕೊಟ್ಟಿಗೆಯ ಹಿಂದಿಟ್ಟು ಮರೆತುಬಿಟ್ಟಿದ್ದಂಥವು. ಸಾರ್ ನಕ್ಕರು. ಗಂಗಾಂಬಿಕೆಗೆ ನಗು ಬರಲಿಲ್ಲ. ಇನ್ನೂ ಐವತ್ತು ಸಸಿ ಕೇಳಿ ತೆಗೆದುಕೊಂಡು ಹೋದರು.

ಈ ಸಲ ನಲವತ್ತೊಂದು ಬದುಕಿದವು. ೨೦೦೩ರ ಮಳೆಗಾಲಕ್ಕೆ ಅವರ ತೋಟದಲ್ಲಿ ಬಳ್ಳಿ ಮತ್ತೆ ಮರ ಹತ್ತಿತು. ಆ ವರ್ಷ ಅಕ್ಕಪಕ್ಕದ ತೋಟಗಳಲ್ಲಿ ಸೊರಗು ರೋಗ ಜೋರಾಗಿತ್ತು, ಇವರದ್ದಕ್ಕೆ ಏನೂ ಆಗಲಿಲ್ಲ. ನೋಡಲು ಬಂದವರು ನಮಗೂ ಮಾಡಿಕೊಡಿ ಅಂದರು. ಶಿವಶಂಕರಪ್ಪನವರೇ ಮನೆಯ ಹಿಂದೆ ನೆರಳಿನ ಬಲೆ ಕಟ್ಟಿಕೊಟ್ಟರು. ಮುಂದಿನ ಎರಡು ವರ್ಷದಲ್ಲಿ ಸೀತೂರು, ಕಡಹಿನಬೈಲು, ಆಚೆ ಕೊಪ್ಪದ ಹಾದಿಯ ಊರುಗಳು, ಶೃಂಗೇರಿಯ ಎರಡು ಮನೆ, ಹೀಗೆ ಮೂವತ್ತೊಂದು ಮನೆಗೆ ಗಂಗಕ್ಕನ ಕಸಿ ಗಿಡ ಹೋಯಿತು. ಕಸಿ ಗಂಗಕ್ಕ ಅಂದರೆ ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತು.

ಇದು ಇಲ್ಲಿಗೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ತರಬೇತಿ ಪಡೆದು ಚೆನ್ನಾಗಿ ಮಾಡಿದವರು ಇನ್ನೂ ಅನೇಕರಿದ್ದರು, ಅವರ ಫೋಟೋಗಳು ನಮ್ಮ ಕೇಂದ್ರದ ಗೋಡೆಯ ಮೇಲಿದ್ದವು.

೨೦೦೭ರ ಬೇಸಿಗೆ. ನರಸಿಂಹರಾಜಪುರದ ಸಂತೆಯಲ್ಲಿ ಗಂಗಾಂಬಿಕೆಗೆ ಕಡಹಿನಬೈಲಿನ ರೇಣುಕಪ್ಪ ಸಿಕ್ಕಿದರು. ಅವರು ನಾಲ್ಕು ವರ್ಷದ ಹಿಂದೆ ಅರವತ್ತು ಗಿಡ ಒಯ್ದಿದ್ದವರು. ಮಾತಿನ ನಡುವೆ, ಮೇಲಿನ ದಿಬ್ಬದ ಬಳ್ಳಿಗಳು ಒಣಗುತ್ತಿವೆ, ಬಿಸಿಲಿಗಿರಬೇಕು ಅಂದರು. ದೂರುವ ಧಾಟಿಯಲ್ಲಿ ಹೇಳಿದ್ದಲ್ಲ. ಗಂಗಾಂಬಿಕೆ ಮಾರನೆಯ ಬೆಳಿಗ್ಗೆ ಗುದ್ದಲಿ ಹಿಡಿದುಕೊಂಡು ಅವರ ತೋಟದಲ್ಲಿದ್ದರು.

ದಿಬ್ಬದ ಬಳ್ಳಿಗಳು ಹದಿನೆಂಟು. ಒಂದರ ಬುಡ ಬಿಡಿಸಿ ನೋಡಿದರು. ಕಸಿ ಕಟ್ಟಿದ ಗಂಟಿನ ಮೇಲೆ ಮೆಣಸಿನ ಕಾಂಡ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಗಂಟಿನ ಕೆಳಗೆ ಹಿಪ್ಪಲಿ ಕಿರುಬೆರಳಿನಷ್ಟೂ ಇರಲಿಲ್ಲ, ಒಣಗಿ ಪುಡಿಯಾಗುತ್ತಿತ್ತು. ಎಳೆದರೆ ಗಂಟಿನ ಹತ್ತಿರವೇ ಕಳಚಿ ಕೈಗೆ ಬಂತು. ಅದೇ ತೋಟದ ಕೆಳಗೆ, ಕಾಲುವೆಯ ಪಕ್ಕದಲ್ಲಿ ಹಾಕಿದ ನಲವತ್ತೆರಡು ಬಳ್ಳಿ ಕಪ್ಪುಹಸಿರಾಗಿ ನಿಂತಿದ್ದವು.

ಅವರಿಗೆ ಅಲ್ಲೇ ಅರ್ಥವಾಯಿತು. ನೀರಿನಲ್ಲಿ ಕೊಳೆಯದ ಹಿಪ್ಪಲಿಗೆ ನೀರು ಇಲ್ಲದೆ ನಡೆಯುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಭಾರದ ಬಳ್ಳಿ ಕೇಳುವಷ್ಟು ನೀರನ್ನು ಒಣನೆಲದಲ್ಲಿ ಆ ಸಣ್ಣ ಬೇರು ಕೊಡಲಾರದು. ಹೊಸ ವಿದ್ಯೆ, ನಮ್ಮ ಕೇಂದ್ರದಲ್ಲೂ ಆಗ ಇದನ್ನು ಯಾರೂ ಒತ್ತಿ ಹೇಳಿರಲಿಲ್ಲ. ಗಂಗಾಂಬಿಕೆಯಂತೂ ಗಿಡ ಒಯ್ದವರಿಗೆಲ್ಲ ಎಲ್ಲಿ ಬೇಕಾದರೂ ನೆಡಿ ಅಂದಿದ್ದರು. ಆ ಮಾತು ಅವರನ್ನು ಕೊರೆಯಿತು.

ಮನೆಗೆ ಬಂದು, ಗಿಡ ಕೊಟ್ಟ ಮನೆಗಳಿಗೆಲ್ಲ ಹೋಗಿ ನೋಡಿ ಬರುತ್ತೇನೆ ಅಂದರು. ಶಿವಶಂಕರಪ್ಪನವರಿಗೆ ಇದು ಸರಿ ಕಾಣಲಿಲ್ಲ. ಊರವರ ಬಾಯಿಗೆ ನಾವಾಗಿ ಬೀಳುವುದು ಎಂತಕ್ಕೆ, ಬಂದು ಕೇಳಿದವರಿಗೆ ಹೇಳಿದರಾಯಿತು ಎಂದು ಅವರ ವಾದ.

“ಕೇಳದೆ ಇರೋರ ತೋಟದಲ್ಲೂ ನನ್ನ ಗಿಡವೇ ಅಲ್ವಾ ಇರೋದು?” ಅಂದರಂತೆ ಗಂಗಾಂಬಿಕೆ.

ಮೊದಲ ಎರಡು ದಿನ ಒಬ್ಬರೇ ನಡೆದರು. ಮೂರನೆಯ ದಿನ ಶಿವಶಂಕರಪ್ಪ ಮೊಪೆಡ್ ಹೊರಗೆ ತೆಗೆದು, ಹಿಂದೆ ಗುದ್ದಲಿ ಕಟ್ಟಿಕೊಂಡು ಕಾಯುತ್ತ ನಿಂತರು. ಅಲ್ಲಿಂದ ಮುಂದೆ ಮೇ ತಿಂಗಳು ಮುಗಿಯುವ ತನಕ ಗಂಡ-ಹೆಂಡತಿ ಜೊತೆಯಲ್ಲೇ ತಿರುಗಿದರು.

ಗಂಗಾಂಬಿಕೆ ಪ್ರತಿ ಮನೆಯಲ್ಲೂ ಹೇಳಿದ್ದು ಒಂದೇ. ನಾನು ಕೊಟ್ಟ ಗಿಡ ಒಣ ಜಾಗದಲ್ಲಿ ನಿಲ್ಲುವುದಿಲ್ಲ, ಅದು ನನಗೆ ಗೊತ್ತಿರಲಿಲ್ಲ, ನೋಡುವುದಕ್ಕೆ ಬಂದಿದ್ದೇನೆ. ಬಹಳ ಜನ ಕೂರಿಸಿ ಕಾಫಿ ಕೊಟ್ಟರು. ಒಬ್ಬಿಬ್ಬರು ಬಾಯಿಗೆ ಬಂದ ಹಾಗೆ ಅಂದರು. ಗಂಗಾಂಬಿಕೆ ತಲೆ ತಗ್ಗಿಸಿ ಕೇಳಿಸಿಕೊಂಡು, ಅಂದದ್ದು ಮುಗಿದ ಮೇಲೆ ತೋಟ ಯಾವ ಕಡೆ ಎಂದು ಕೇಳಿದರು. ಶೃಂಗೇರಿಯ ಹತ್ತಿರದ ಮನೆಯೊಂದರಲ್ಲಿ ಬಳ್ಳಿ ಬಾಡಿದ್ದನ್ನು ಯಾರೂ ಗಮನಿಸಿಯೇ ಇರಲಿಲ್ಲ. ಇವರೇ ತೋರಿಸಿಕೊಟ್ಟರು.

ಇನ್ನೂ ಜೀವವಿದ್ದ ಬಳ್ಳಿಗಳಿಗೆ ಕಸಿಯ ಗಂಟು ಮುಚ್ಚುವಷ್ಟು ಮಣ್ಣೇರಿಸಿ, ಮೇಲೆ ದರಗಿನ ಒಣ ಎಲೆ ಹೊದಿಸಿದರು. ಹಾಗೆ ಮಾಡಿದರೆ ಗಂಟಿನ ಮೇಲಿನ ಮೆಣಸಿನ ಕಾಂಡ ತನ್ನದೇ ಬೇರು ಬಿಡುತ್ತದೆ ಎಂಬುದನ್ನು ತಮ್ಮ ತೋಟದಲ್ಲೇ ಒಂದು ಬಳ್ಳಿಯಲ್ಲಿ ಕಂಡಿದ್ದರು. ಸತ್ತವುಗಳ ಬದಲಿಗೆ, ಮಳೆ ಹಿಡಿದ ಮೇಲೆ, ಕಸಿ ಕಟ್ಟದ, ತಮ್ಮದೇ ಬೇರು ಬಂದ ಮೆಣಸಿನ ಗಿಡಗಳನ್ನು ತಾವೇ ಹೊತ್ತು ತಂದು ನೆಟ್ಟುಕೊಟ್ಟರು. ಇದಕ್ಕೆ ಸೊರಗು ರೋಗ ಬರಬಹುದು, ಔಷಧಿ ತಪ್ಪಿಸಬೇಡಿ ಎಂದು ಎಲ್ಲ ಕಡೆಯೂ ಹೇಳಿದರು. ಆ ಮಳೆಗಾಲ ಅವರ ಸಸಿಮನೆಯಲ್ಲಿ ಬೆಳೆದದ್ದೆಲ್ಲ ಹೀಗೆ ದುಡ್ಡಿಲ್ಲದೆಯೇ ಹೋಯಿತು. ಕೈಕೆಲಸಕ್ಕೆ ಸರೋಜ ಎಂಬ ಪಕ್ಕದ ಮನೆಯವರು ಜೊತೆಯಾದರು.

ಜುಲೈಯಲ್ಲಿ ಒಂದು ದಿನ ಗಂಗಾಂಬಿಕೆ ನಮ್ಮ ಕೇಂದ್ರಕ್ಕೆ ಬಂದು, ಪೇಪರಿನಲ್ಲಿ ಸುತ್ತಿದ್ದ ಒಣಗಿದ ಬುಡವೊಂದನ್ನು ಪರಮೇಶ್ವರ ಸಾರ್ ಮೇಜಿನ ಮೇಲಿಟ್ಟರು. ಯಾವ ಮನೆಯಲ್ಲಿ ಎಷ್ಟು ಬಳ್ಳಿ, ಯಾವ ನೆಲ, ನೀರಿನ ಪಸೆ ಎಷ್ಟು, ಎಷ್ಟನೇ ವರ್ಷಕ್ಕೆ ಬಾಡಿತು, ಎಲ್ಲವನ್ನೂ ಬಾಯಲ್ಲೇ ಹೇಳಿದರು. ಮೂವತ್ತೊಂದೂ ಮನೆಯದು. ಸಾರ್ ನಡುವೆ ತಡೆದು ನನ್ನನ್ನು ಕರೆದು ಬರೆದುಕೊಳ್ಳಲು ಹೇಳಿದರು. ಬರೆದು ಮುಗಿಸುವಾಗ ನನ್ನ ಕೈ ನೋಯುತ್ತಿತ್ತು. ಅವರು ಹೋದ ಮೇಲೆ ಸಾರ್ ಆ ಹಾಳೆಗಳನ್ನು ಮೊದಲಿಂದ ತಿರುವಿ ಓದಿದರು. ನಾವು ಗಿಡ ಕೊಟ್ಟು ಕಳಿಸಿದವರಲ್ಲಿ ಒಬ್ಬರ ಮನೆಗೂ ನಾವು ಹೀಗೆ ಹೋಗಿ ನೋಡಲಿಲ್ಲವಲ್ಲ ಎಂದರು.

ಮುಂದಿನ ತರಬೇತಿಯಲ್ಲಿ ಒಂದು ದಿನದ ಪಾಠ ನೀವೇ ಮಾಡಿ ಎಂದು ಸಾರ್ ಕೇಳಿಕೊಂಡಾಗ ಗಂಗಾಂಬಿಕೆ ಒಪ್ಪಲಿಲ್ಲ. ಏಳನೇ ಕ್ಲಾಸಿನವಳು, ಮೈಕು ಹಿಡಿದು ಗೊತ್ತಿಲ್ಲ ಅಂದರು. ಮೈಕು ಬೇಡ, ಗಿಡ ಹಿಡಿದರೆ ಸಾಕು ಅಂದರು ಸಾರ್. ಕೊನೆಗೆ ಒಪ್ಪಿಸಿದ್ದು ಶಿವಶಂಕರಪ್ಪ.

೨೦೦೮ರ ಆ ತಂಡದಲ್ಲಿ ಕೆಲಸ ಸಿಗದ ಯುವಕರೇ ಹೆಚ್ಚು, ಜೊತೆಗೆ ಸ್ವಸಹಾಯ ಸಂಘದ ಎಂಟು ಹೆಂಗಸರು. ಗಂಗಾಂಬಿಕೆ ಮೊದಲು ಮೇಜಿನ ಮೇಲಿಟ್ಟದ್ದು ಸತ್ತ ಬಳ್ಳಿಯನ್ನು. ಮೇಲಿನ ಕಚೇರಿಯಿಂದ ಬಂದಿದ್ದ ಒಬ್ಬ ಅಧಿಕಾರಿ, ಹೊಸಬರಿಗೆ ಮೊದಲೇ ಇದನ್ನು ತೋರಿಸಿದರೆ ಯಾರು ಮಾಡುತ್ತಾರೆ ಎಂದು ಪರಮೇಶ್ವರ ಸಾರ್ ಕಿವಿಯಲ್ಲಿ ಗೊಣಗಿದರು. ಗಂಗಾಂಬಿಕೆಗೆ ಅದು ಕೇಳಿಸಿತು.

“ಚೆನ್ನಾಗಿ ಬಂದಿದ್ದನ್ನ ಮಧ್ಯಾಹ್ನ ತೋರಿಸ್ತೀನಿ ಸಾರ್. ಇದನ್ನ ನಾನು ತಿಳ್ಕೊಳ್ಳೋಕೆ ನಾಲ್ಕು ವರ್ಷ ಹಿಡೀತು, ಬೇರೆಯವ್ರ ತೋಟದಲ್ಲಿ ಕಲಿತೆ. ಇವ್ರಿಗೆ ಆ ಗತಿ ಬೇಡ.”

ಆಮೇಲೆ ಸಂಜೆಯವರೆಗೂ ಯಾರೂ ತೂಕಡಿಸಲಿಲ್ಲ. ಅವರು ಒಬ್ಬೊಬ್ಬರ ಪಕ್ಕದಲ್ಲೂ ಕೂತು, ಬೆರಳು ಹಿಡಿದು, ಬ್ಲೇಡು ಎಳೆಯುವುದನ್ನು ಕಲಿಸಿದರು. ಮರುವರ್ಷದಿಂದ ಹೆಂಗಸರಿಗೇ ಕಸಿಯ ತರಬೇತಿ ಶುರುವಾಯಿತು. ಅದಕ್ಕೆ ಶೃಂಗೇರಿಗೂ ನರಸಿಂಹರಾಜಪುರಕ್ಕೂ ಗಂಗಾಂಬಿಕೆಯವರೇ ಹೋಗುತ್ತಿದ್ದರು, ಸರೋಜ ಜೊತೆಗಿರುತ್ತಿದ್ದರು.

ಅವರ ಕೈಯಲ್ಲಿ ಕಲಿತವರಲ್ಲಿ ಭವ್ಯ ಎಂಬ ಹುಡುಗಿಯ ಮಾತು ಹೇಳಬೇಕು. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದವಳು, ಸೀತೂರಿನಿಂದ ಎರಡೇ ಸ್ಟಾಪು ಆಚೆಯ ಊರಿನವಳು. ಕೈ ಎಷ್ಟು ಚುರುಕೆಂದರೆ, ಆರೇ ತಿಂಗಳಲ್ಲಿ ತನ್ನದೇ ಸಸಿಮನೆ ಮಾಡಿದಳು. ಗಿರಾಕಿಗಳು ಅತ್ತ ಹೋಗುತ್ತಾರೆ, ಹತ್ತಿರದವರಿಗೆ ಎಲ್ಲವನ್ನೂ ಹೇಳಿಕೊಡಬಾರದಿತ್ತು ಎಂದು ಊರಲ್ಲಿ ಕೆಲವರು ಗಂಗಾಂಬಿಕೆಗೆ ಬುದ್ಧಿ ಹೇಳಿದರು. ನಾನೂ ಒಮ್ಮೆ ಆ ಅರ್ಥದ ಮಾತಾಡಿದ್ದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮೂರು ತಾಲ್ಲೂಕಿನ ತೋಟಕ್ಕೆ ನಾನೊಬ್ಬಳು ಎಷ್ಟು ಕಟ್ಟಿಕೊಡಲಿ ಎಂದು ಕೇಳಿದರು.

೨೦೦೯ರ ಕೊನೆಗೆ ನನಗೆ ಬೇರೆ ಕಡೆ ವರ್ಗವಾಯಿತು. ಹೊರಡುವ ಮುಂಚೆ ಸೀತೂರಿಗೆ ಹೋಗಿದ್ದೆ. ಅಂಗಳದಲ್ಲಿ ದೂರದ ಊರಿನ ರೈತರೊಬ್ಬರು ಇನ್ನೂರು ಗಿಡಕ್ಕೆ ಬಂದು ಕೂತಿದ್ದರು. ಇವರಲ್ಲಿ ಇದ್ದದ್ದು ತೊಂಬತ್ತು. ಗಂಗಾಂಬಿಕೆ ಅವರ ತೋಟದ ಇಳಿಜಾರು, ನೀರು, ಮಣ್ಣು ಎಲ್ಲ ವಿಚಾರಿಸಿ ತೊಂಬತ್ತನ್ನು ಜೀಪಿಗೆ ಹತ್ತಿಸಿದರು. ಉಳಿದವನ್ನು ಭವ್ಯಳ ಸಸಿಮನೆಯಿಂದ ತೆಗೆದುಕೊಳ್ಳಿ, ಗಿಡ ಚೆನ್ನಾಗಿದೆ ಎಂದು ದಾರಿ ಹೇಳಿದರು. ಆ ರೈತರು ಹುಡುಗಿಯ ಗಿಡವನ್ನು ನಂಬಬಹುದೇ ಎಂದು ಅನುಮಾನಿಸಿದಾಗ, ಶಿವಶಂಕರಪ್ಪ, ನಡೆಯಿರಿ, ನಾನೇ ಬಂದು ನೋಡಿ ಆರಿಸಿಕೊಡುತ್ತೇನೆ ಎಂದು ಜೀಪಿನ ಮುಂದಿನ ಸೀಟಿಗೆ ಹತ್ತಿ ಕೂತರು. ಗಂಗಾಂಬಿಕೆ ಕೈ ತೊಳೆದುಕೊಂಡು, ನನಗೆ ಊಟಕ್ಕೆ ಏಳಿ ಎಂದು ಹೇಳಿ ಒಳಗೆ ಹೋದರು.