ಪೆನ್ನು ಹಿಡಿದ ಕೈ

ಮೊದಲ ಸೆಮಿಸ್ಟರ್‌ನ ಭೌತಶಾಸ್ತ್ರ ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಜಾರುವ ಹಲಗೆ, ರಾಟೆ, ಡಿಕ್ಕಿ ಹೊಡೆಯುವ ಗೋಲಿ, ಎಲ್ಲವೂ ಕಣ್ಣಿಗೆ ಕಾಣುವಂಥವು. ಮೂಡಲಪಾಳ್ಯದಿಂದ ವಿಜಯನಗರದ ಕಾಲೇಜಿಗೆ ನಿಂತುಕೊಂಡು ಹೋಗುವಾಗ ಬಸ್ಸಿನ ಡ್ರೈವರ್ ಒಮ್ಮೆ ಬ್ರೇಕ್ ಹಾಕಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತಿತ್ತು. ಎರಡನೇ ಸೆಮಿಸ್ಟರ್‌ಗೆ ವಿದ್ಯುತ್ತು, ಕಾಂತತ್ವ ಬಂದವು. ಕಾಣದ ಕ್ಷೇತ್ರ, ಕಾಣದ ರೇಖೆ, ಎಲ್ಲೂ ಇಲ್ಲದ ಒಂದು ಗೋಳದಿಂದ ಆಚೆ ಹೋಗುವ ಏನೋ ಒಂದು. ಅದಕ್ಕೆ ಬೇಕಾದ ಗಣಿತ ಕೇಳಿದರೆ ಗಣಿತದ ಮೇಡಂ, "ಅದು ಮುಂದಿನ ಸೆಮ್‌ಗೆ ಬರುತ್ತೆ," ಎನ್ನುತ್ತಿದ್ದರು. ಭೌತಶಾಸ್ತ್ರದ ಸಾರ್, "ಇದು ನಿಮಗೆ ಗೊತ್ತಿರುತ್ತೆ," ಎಂದು ಬೋರ್ಡು ಒರೆಸಿಬಿಡುತ್ತಿದ್ದರು. ಇಬ್ಬರ ನಡುವೆ ನಾವು ಪಿಳಿಪಿಳಿ ಕಣ್ಣು ಬಿಡುತ್ತಾ ಕೂತಿರುತ್ತಿದ್ದೆವು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಮೊದಲ ಟೆಸ್ಟಿನಲ್ಲಿ ಫೇಲಾದೆ. ಪ್ಲೈವುಡ್ ಅಂಗಡಿ ಇಟ್ಟಿದ್ದ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಫಿಸಿಕ್ಸೇ ಬೇಕು ಅಂತ ಹಠ ಹಿಡಿದೋಳು ನೀನು. ಪರೀಕ್ಷೇಲೂ ಹೋದ್ರೆ ಬಿಕಾಂ ಸೇರ್ಕೋ. ಅಂಗಡಿಗಾದ್ರೂ ಆಗುತ್ತೆ," ಎಂದರು.

ಅಪ್ಪ ಹೇಳಿದ್ದನ್ನು ಮಾಡಿಯೇ ತೀರುವ ಮನುಷ್ಯ. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಮಾರನೆಯ ದಿನ ಸಾರ್ ನನ್ನ ಪೇಪರ್ ಹಿಡಿದುಕೊಂಡು, "ಲೆಕ್ಕ ಸರಿ ಇದೆ, ದಿಕ್ಕೆಲ್ಲ ಉಲ್ಟಾ. ಬಾಮ್ಮಾ, ಬೋರ್ಡಲ್ಲಿ ಮಾಡಿ ತೋರಿಸು," ಎಂದರು. ಬಲಗೈ ನಿಯಮ ಎಂದೊಂದಿದೆ. ತಂತಿಯಲ್ಲಿ ವಿದ್ಯುತ್ತು ಹರಿಯುವ ಕಡೆಗೆ ಬಲಗೈ ಹೆಬ್ಬೆರಳು ಚಾಚಿದರೆ, ಮಡಿಸಿದ ಬೆರಳುಗಳು ಕಾಂತಕ್ಷೇತ್ರ ಸುತ್ತುವ ದಿಕ್ಕನ್ನು ತೋರಿಸುತ್ತವೆ. ನಾನು ಚಾಕ್‌ಪೀಸಿನಲ್ಲಿ ತಂತಿ ಬರೆದು ಕೈ ಎತ್ತಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು.

"ಯಾವ ಕೈಯಮ್ಮಾ ಅದು?"

ಬಲಗೈಯಲ್ಲಿ ಚಾಕ್‌ಪೀಸ್ ಇತ್ತು. ಖಾಲಿ ಇದ್ದದ್ದು ಎಡಗೈ, ನಾನು ಎತ್ತಿದ್ದು ಅದನ್ನೇ.

ನಕ್ಕವರಲ್ಲೂ ಹಲವರು ಆಗಾಗ ಇದೇ ತಪ್ಪು ಮಾಡುತ್ತಿದ್ದರು. ನನ್ನದಕ್ಕೆ ಇನ್ನೊಂದು ಕಾರಣವಿತ್ತು. ನಾನು ಹುಟ್ಟಾ ಎಡಚಿ. ಅಕ್ಷರ ಕಲಿಯುವ ವಯಸ್ಸಿನಲ್ಲಿ ಅಜ್ಜಿ ನನ್ನ ಎಡಗೈಗೆ ಹಳೇ ಸೀರೆಯ ತುಂಡು ಸುತ್ತಿ, ಬಳಪವನ್ನು ಬಲಗೈಗೆ ತುರುಕಿದ್ದರು. "ಹೆಣ್ಣುಮಗಳು ಎಡಗೈಲಿ ಬಡಿಸಿದ್ರೆ ಯಾರೇ ತಿಂತಾರೆ?" ಎನ್ನುತ್ತಿದ್ದರು. ಬಲಗೈಯಲ್ಲಿ ಬರೆಯಲು ಕಲಿತೆ. ಆದರೆ ಗಾಬರಿಯಾದಾಗ ಇಂದಿಗೂ ಮೊದಲು ಮುಂದೆ ಬರುವುದು ಎಡಗೈಯೇ.

ಪರೀಕ್ಷೆಯ ದಿನ ಬಂತು. ಪ್ರತಿ ಸಲವೂ ಪೆನ್ನು ಕೆಳಗಿಟ್ಟು ಬಲಗೈ ಎತ್ತಬೇಕೆಂದು ಮನಸ್ಸಿನಲ್ಲೇ ಜಪಿಸುತ್ತಾ ಕೂತೆ. ಸಣ್ಣ ಪ್ರಶ್ನೆಗಳು ಹಾಗೂ ಹೀಗೂ ಮುಗಿದವು. ದೊಡ್ಡ ಲೆಕ್ಕದಲ್ಲಿ ಚೌಕದ ನಾಲ್ಕು ಮೂಲೆಗೆ ನಾಲ್ಕು ತಂತಿ, ಕೆಲವುಗಳಲ್ಲಿ ವಿದ್ಯುತ್ತು ಕಾಗದದ ಒಳಕ್ಕೆ, ಕೆಲವುಗಳಲ್ಲಿ ಹೊರಕ್ಕೆ. ನಡುವೆ ಕ್ಷೇತ್ರ ಎಷ್ಟು, ಯಾವ ಕಡೆಗೆ? ಅದನ್ನು ಬಿಟ್ಟರೆ ಪಾಸಾಗುವಂತಿರಲಿಲ್ಲ. ಎರಡು ತಂತಿ ಮುಗಿಸಿ ಮೂರನೆಯದಕ್ಕೆ ಬಂದಾಗ ನೋಡುತ್ತೇನೆ, ಪೆನ್ನು ಬಲಗೈಯಲ್ಲೇ ಇದೆ. ಹಿಂದಿನ ಎರಡಕ್ಕೆ ಯಾವ ಕೈ ಎತ್ತಿದ್ದೆ? ನೆನಪೇ ಇಲ್ಲ. ಎಲ್ಲ ಹೊಡೆದುಹಾಕಿ ಮೊದಲಿನಿಂದ ಶುರು ಮಾಡಿದೆ. ಪೆನ್ನು ಇಡು, ಎತ್ತು, ಇಡು. ಗಾಬರಿಯಲ್ಲಿ ಮತ್ತೆ ಎಡಗೈ ಎದ್ದಿತು. ಹೊರಗೆ, ಇನ್ನು ಹತ್ತೇ ನಿಮಿಷ ಎಂದು ಎಚ್ಚರಿಕೆಯ ಗಂಟೆ ಹೊಡೆಯಿತು.

ಆಗ ಪೆನ್ನನ್ನು ಎಡಗೈಗೆ ಕೊಟ್ಟುಬಿಟ್ಟೆ.

ಈಗ ಖಾಲಿ ಇದ್ದದ್ದು ಬಲಗೈ ಒಂದೇ, ತಪ್ಪಲು ದಾರಿಯೇ ಇರಲಿಲ್ಲ. ಹೆಬ್ಬೆರಳು ಚಾಚಿದೆ, ಬೆರಳು ಮಡಿಸಿದೆ, ಎಡಗೈಯಲ್ಲಿ ಬಾಣದ ಗುರುತು ಹಾಕಿ ಪಕ್ಕದಲ್ಲಿ ಎರಡು ಸಾಲು ಬರೆದೆ. ಕೊಠಡಿ ಕಾಯುತ್ತಿದ್ದ ಕಾಮರ್ಸ್ ಮೇಷ್ಟ್ರು ಪಕ್ಕಕ್ಕೇ ಬಂದು ನಿಂತರು.

"ಏನಮ್ಮಾ ಇದು? ಎರಡು ಥರ ಅಕ್ಷರ ಇದೆ. ಯಾರು ಬರ್ಕೊಟ್ರು?"

"ನಾನೇ ಸಾರ್. ಇನ್ನೊಂದು ಕೈ," ಎಂದೆ. ಅವರು ಕದಲಲಿಲ್ಲ. ಅವರ ಕಣ್ಣೆದುರೇ ಮೂರನೇ ಸಾಲು ಬರೆದೆ. ಅವರು ಮೂರೂ ಸಾಲು ಹೋಲಿಸಿ ನೋಡಿ ಮುಂದಿನ ಬೆಂಚಿಗೆ ಹೋದರು.

ಪಾಸಾದೆ, ಕೂದಲೆಳೆಯ ಅಂತರದಲ್ಲಿ. ಅಪ್ಪ ಬಿಕಾಂ ಮಾತೆತ್ತಲಿಲ್ಲ. ಸಂಜೆ ಅಜ್ಜಿ ಕೇಸರಿಬಾತ್ ಕೊಡಲು ಬಂದಾಗ, ಪಾಸು ಮಾಡಿಸಿದ್ದು ಯಾವ ಕೈ ಎಂದು ಹೇಳಿಯೇಬಿಟ್ಟೆ. ಅಜ್ಜಿ ತಟ್ಟೆ ಕೆಳಗಿಟ್ಟು ನನ್ನ ಎಡಗೈಯನ್ನು ಎಳೆದುಕೊಂಡು ನೋಡಿದರು.

"ಈ ಕೈ ಇನ್ನೂ ಬರೀತದೇನೇ?"

"ಬರೀತದೆ ಅಜ್ಜಿ. ಆದ್ರೆ ನೀವು ಬಟ್ಟೆ ಸುತ್ತೋ ಮುಂಚೆ ಹೆಂಗೆ ಬರೀತಿತ್ತೋ ಹಂಗೇ. ಮಗು ಬರೆದಂಗೆ."

ಅಜ್ಜಿ ಕೈ ಬಿಡಲಿಲ್ಲ.